ಎಪ್ಪತ್ತರ ಮಾವ, ಎಪ್ಪತ್ತರ ಡಿಸ್ನಿಲ್ಯಾಂಡ್

ನಮ್ಮ ಸೋದರಮಾವ ಹುಟ್ಟಿದ್ದು 1955ರ ಮೇ ತಿಂಗಳಲ್ಲಿ. ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದದ್ದು ಅದೇ ವರ್ಷ ಜುಲೈ 17ಕ್ಕೆ. ಇದನ್ನು ಹೇಳಿದ ಕೂಡಲೇ ಮಾವ, "ಹಂಗಾದ್ರೆ ನಾನೇ ದೊಡ್ಡೋನು, ಅದೇ ಬಂದು ನನ್ನ ನೋಡ್ಬೇಕು" ಅಂದಿದ್ದರು. ಈ ಸಲ ಅವರು ಮತ್ತು ಅತ್ತೆ ಹಾಸನದಿಂದ ನಮ್ಮ ಫ್ರೀಮಾಂಟ್ ಮನೆಗೆ ಬಂದಿದ್ದರು. ಎಪ್ಪತ್ತನೇ ಹುಟ್ಟುಹಬ್ಬವನ್ನು ಡಿಸ್ನಿಲ್ಯಾಂಡಿನಲ್ಲೇ ಮಾಡೋಣ ಅಂತ ನಾನು ಹಟ ಹಿಡಿದೆ. ಭೀಮರಥ ಶಾಂತಿ ಊರಿಗೆ ಹೋದ ಮೇಲೆ ಅಂತ ಅತ್ತೆ ಒಪ್ಪಿಸಿಕೊಂಡರು.

ಡಿಸ್ನಿಲ್ಯಾಂಡಿನ ಹುಚ್ಚರಲ್ಲಿ ಹತ್ತಾರು ಪಂಗಡಗಳಿವೆ. ಪಿನ್ ಕೂಡಿಡುವವರು, ಹಳೇ ಕಾಲದ ಬಟ್ಟೆ ತೊಟ್ಟು ಬರುವವರು, ಹೊಸ ಪಾಪ್‌ಕಾರ್ನ್ ಬಕೆಟ್ ಬಂತು ಅಂದರೆ ಗಂಟೆಗಟ್ಟಲೆ ಸಾಲು ನಿಲ್ಲುವವರು. ನಮ್ಮದು ರೈಲಿನ ಪಂಗಡ. ಪಾರ್ಕನ್ನು ಸುತ್ತುವ ಉಗಿಬಂಡಿ ಇದೆಯಲ್ಲ, ಅದಕ್ಕಾಗಿಯೇ ಹೋಗುವ ಒಂದಷ್ಟು ಜನ ನಾವು. ಒಬ್ಬರು ಸ್ಯಾನ್ ಹೋಸೆಯ ಶಾಲಾ ಟೀಚರ್, ಒಬ್ಬರು ಲಾಂಗ್ ಬೀಚ್ ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು, ಇನ್ನೊಬ್ಬ ಅರ್ವೈನ್‌ನಲ್ಲಿ ಕೆಲಸ ಮಾಡುವ ದಾವಣಗೆರೆ ಹುಡುಗ. ಮಾವನಿಗೆ ಮಿಕ್ಕಿ ಮೌಸ್ ಅಂದರೆ ಅಷ್ಟಕ್ಕಷ್ಟೇ. ಆದರೆ ಅವರು ಬಾಣಾವರದಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ಹಳಿಗಳ ನಡುವೆ ಒಂದೇ ಮೀಟರ್ ಅಂತರವಿದ್ದ ಮೀಟರ್ ಗೇಜ್ ಕಾಲ, ವೈಪಿ ಅನ್ನುವ ಉಗಿ ಎಂಜಿನ್ ಕಾಲ. ನಮ್ಮ ಪಂಗಡದವರಿಗೆ ಇಂಥ ಮನುಷ್ಯ ಸಿಗುವುದು ಅಂದರೆ ಸುಮ್ನೆ ಮಾತಲ್ಲ.

ಶನಿವಾರ: ಬೆಳ್ಳುಳ್ಳಿ, ದನ, ಘಾಟಿ

ಬೆಳಗ್ಗೆ ಆರಕ್ಕೆ ಹೊರಟೆವು. ಅನಹೈಮ್ ಸುಮಾರು 600 ಕಿಲೋಮೀಟರ್. ಒಂದೇ ದಿನಕ್ಕೆ ಆಗದ ದೂರವೇನಲ್ಲ, ಆದರೆ ಭಾನುವಾರದ ಕೆಲಸ ಲಾಸ್ ಏಂಜಲೀಸಿನಲ್ಲೇ ಇದ್ದದ್ದರಿಂದ ಬರ್ಬ್ಯಾಂಕ್‌ನಲ್ಲಿ ತಂಗುವುದು ಅಂತ ಗೊತ್ತು ಮಾಡಿದ್ದೆವು.

ಗಿಲ್ರಾಯ್ ಹತ್ತಿರ ಬರುತ್ತಿದ್ದಂತೆ ಕಾರಿನೊಳಗೆ ಬೆಳ್ಳುಳ್ಳಿ ವಾಸನೆ. ಅಲ್ಲಿ ಬೆಳ್ಳುಳ್ಳಿಯೇ ಊರಿನ ಹೆಗ್ಗಳಿಕೆ. ಅತ್ತೆ ಕಿಟಕಿ ಇಳಿಸಿ, "ಯಾರೋ ಒಗ್ಗರಣೆ ಹಾಕ್ತಾವ್ರೆ" ಅಂದರು. ಪಚೇಕೋ ಕಣಿವೆ ಹತ್ತಿ ಇಳಿದರೆ ಸ್ಯಾನ್ ಲೂಯಿಸ್ ಜಲಾಶಯ, ಅದಾದ ಮೇಲೆ ಐ-5 ಹೆದ್ದಾರಿ. ಇಲ್ಲಿಂದ ಮೂರು ಗಂಟೆ ನೇರ ದಾರಿ. ಬಾದಾಮಿ ತೋಟ, ಒಣಗಿ ಹಳದಿ ತಿರುಗಿದ ಗುಡ್ಡ, ನೀರಿಗಾಗಿ ಸರ್ಕಾರವನ್ನು ಬೈಯುವ ರೈತರ ಬೋರ್ಡು. ಕೊಲಿಂಗಾ ಹತ್ತಿರ ಸಾವಿರಾರು ದನಗಳನ್ನು ಕೂಡಿಹಾಕಿರುವ ದೊಡ್ಡ ಕೊಟ್ಟಿಗೆ ಇದೆ. ಮೈಲಿ ದೂರದಿಂದಲೇ ವಾಸನೆ ಹೊಡೆಯುತ್ತದೆ. ಎಲ್ಲರೂ ಕಿಟಕಿ ಮುಚ್ಚುತ್ತಾರೆ. ಅತ್ತೆ ಮಾತ್ರ ಕುತ್ತಿಗೆ ಉದ್ದ ಮಾಡಿ ನೋಡುತ್ತಾ, "ಒಂದಕ್ಕೂ ನೆರಳಿಲ್ವಲ್ಲೋ" ಅಂತ ನೊಂದುಕೊಂಡರು.

ಮಧ್ಯಾಹ್ನ ದಾರಿಬದಿಯ ಪಂಜಾಬಿ ಢಾಬಾ. ಈ ಹೆದ್ದಾರಿಯಲ್ಲಿ ಲಾರಿ ಓಡಿಸುವವರಲ್ಲಿ ಸರ್ದಾರ್ಜಿಗಳು ತುಂಬಾ ಜನ, ಹಾಗಾಗಿ ಬಿಸಿ ರೊಟ್ಟಿಗೆ ಇಲ್ಲಿ ಕೊರತೆಯಿಲ್ಲ. ಸಸ್ಯಾಹಾರಿಗಳು ಬರ್ಗರ್ ಅಂಗಡಿಯಲ್ಲಿ ಆಲೂಗಡ್ಡೆ ಚಿಪ್ಸ್ ತಿಂದು ಹೊಟ್ಟೆ ಸುಟ್ಟುಕೊಳ್ಳುವ ಬದಲು ಲಾರಿ ನಿಂತಿರುವ ಕಡೆ ನೋಡಿ ಗಾಡಿ ನಿಲ್ಲಿಸಬೇಕು. ಪಕ್ಕದ ಟೇಬಲ್ಲಿನ ಲಾರಿ ಡ್ರೈವರ್ ಒಬ್ಬರು ಮಾವನ ಹಣೆಯ ವಿಭೂತಿ ನೋಡಿ ಯಾವೂರು ಅಂತ ಹಿಂದಿಯಲ್ಲಿ ವಿಚಾರಿಸಿದರು. ಇಪ್ಪತ್ತು ವರ್ಷದ ಹಿಂದೆ ಹುಬ್ಬಳ್ಳಿಯಿಂದ ಈರುಳ್ಳಿ ತುಂಬಿಕೊಂಡು ಹೋಗುತ್ತಿದ್ದರಂತೆ. ನೆನಪಿರುವುದು ಒಂದೇ: ಹಾವೇರಿ ಹತ್ತಿರ ಯಾರೋ ಕೊಟ್ಟ ಖಾರ ಮಿರ್ಚಿ ಬಜ್ಜಿ. ಅದನ್ನು ಹೇಳುವಾಗಲೂ ನಾಲಿಗೆ ಹೊರಗೆ ಚಾಚಿ ಗಾಳಿ ಬೀಸಿಕೊಂಡರು.

ಗ್ರೇಪ್‌ವೈನ್ ಅನ್ನುವ ಘಾಟಿ ಏರುವಾಗ "ಎಂಜಿನ್ ಕಾಯದಿರಲು ಎಸಿ ಆರಿಸಿ" ಅಂತ ಬೋರ್ಡು ಬರುತ್ತದೆ. ಆರಿಸಿದೆ. ಬಿಸಿಲು ನೆತ್ತಿಯ ಮೇಲಿತ್ತು. ಟೆಹೋನ್ ಕಣಿವೆ 4,144 ಅಡಿ ಎತ್ತರ. ಶಿರಾಡಿಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡ ಕಥೆಗಳನ್ನು ಮಾವ ಹೇಳಿ ಮುಗಿಸುವಷ್ಟರಲ್ಲಿ ಆಚೆ ಇಳಿದಿದ್ದೆವು. ರಾತ್ರಿ ಮೋಟೆಲಿನ ಫ್ರಿಜ್ಜು ನಮ್ಮ ಮೊಸರನ್ನು ಕಲ್ಲು ಮಾಡಿತು. ಬೆಳಗ್ಗೆ ಅತ್ತೆ ಅದನ್ನು ಬಿಸಿನೀರಿನ ನಲ್ಲಿ ಕೆಳಗೆ ಹಿಡಿದು ಕರಗಿಸುತ್ತಾ ನಿಂತಿದ್ದರು.

ಭಾನುವಾರ: ಹಿತ್ತಿಲಲ್ಲಿ ರೈಲು ಓಡಿಸಿದವನ ಕೊಟ್ಟಿಗೆ

ಗ್ರಿಫಿತ್ ಪಾರ್ಕಿನ ಒಂದು ಮೂಲೆಯಲ್ಲಿ ಕೆಂಪು ಬಣ್ಣದ ಮರದ ಕೊಟ್ಟಿಗೆ ಇದೆ. ವಾಲ್ಟ್ಸ್ ಬಾರ್ನ್ ಅನ್ನುತ್ತಾರೆ. ತಿಂಗಳಿಗೆ ಒಂದೇ ದಿನ, ಮೂರನೇ ಭಾನುವಾರ ತೆರೆಯುವುದು, ಅದೂ 11ರಿಂದ 3ರವರೆಗೆ. ಟಿಕೆಟ್ ಇಲ್ಲ. ನಮ್ಮ ಪ್ರವಾಸದ ದಿನಗಳನ್ನು ಇದಕ್ಕೇ ಹೊಂದಿಸಿದ್ದು.

ವಾಲ್ಟ್ ಡಿಸ್ನಿ 1950ರಲ್ಲಿ ತನ್ನ ಮನೆಯ ಹಿತ್ತಿಲಲ್ಲಿ ಅರ್ಧ ಮೈಲಿಯಷ್ಟು ಹಳಿ ಹಾಕಿಸಿ, ನಿಜವಾದ ಎಂಜಿನ್ನಿನ ಎಂಟನೇ ಒಂದು ಪಾಲು ಗಾತ್ರದ ಉಗಿಬಂಡಿ ಓಡಿಸುತ್ತಿದ್ದ. ಎಂಜಿನ್‌ಗೆ ಹೆಂಡತಿಯ ಹೆಸರು, ಲಿಲ್ಲಿ ಬೆಲ್. ಆಕೆಯ ಹೂದೋಟ ಹಾಳಾಗಬಾರದು ಅಂತ ಅದರ ಕೆಳಗೆ ಸುರಂಗ ಕೊರೆಸಿದ್ದ. ಈ ಕೊಟ್ಟಿಗೆ ಅವನ ವರ್ಕ್‌ಶಾಪು, ಹಳಿಯ ಪಾಯಿಂಟುಗಳನ್ನು ಬದಲಿಸುವ ಕ್ಯಾಬಿನ್ನೂ ಹೌದು. 1999ರಲ್ಲಿ ಇಲ್ಲಿಗೆ ತಂದರು. ಕ್ಯಾರೊಲ್‌ವುಡ್ ಸೊಸೈಟಿಯ ಸ್ವಯಂಸೇವಕರು ನೋಡಿಕೊಳ್ಳುತ್ತಾರೆ, ಹೆಚ್ಚಿನವರಿಗೆ ಮಾವನದೇ ವಯಸ್ಸು.

ಹದಿಹರೆಯದಲ್ಲಿ ವಾಲ್ಟ್ ಮಿಸೌರಿಯ ರೈಲುಗಳಲ್ಲಿ ಪೇಪರು, ಸೋಡಾ, ಕಡ್ಲೆಕಾಯಿ ಮಾರುತ್ತಿದ್ದ ಅಂತ ಸ್ವಯಂಸೇವಕರೊಬ್ಬರು ಹೇಳಿದಾಗ ಮಾವನ ಮುಖ ಬದಲಾಯಿತು. ಅಲ್ಲಿವರೆಗೂ ಅವರ ಪಾಲಿಗೆ ಡಿಸ್ನಿ ಅಂದರೆ ಕಾರ್ಟೂನು ಕಂಪನಿಯ ಸಾಹುಕಾರ. "ಅರಸೀಕೆರೆ ಪ್ಲಾಟ್‌ಫಾರಂನಲ್ಲಿ ವಡೆ ಮಾರೋ ಹುಡುಗ್ರು ಎಂಜಿನ್ ಹತ್ತಿಸ್ಕೊಳಿ ಸಾರ್ ಅಂತ ಡ್ರೈವರ್‌ಗಳ ಕಾಲು ಹಿಡಿಯೋರು" ಅಂದರು. ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಿದೆ. ಅಲ್ಲಿಂದ ಮುಂದೆ ನನ್ನ ಅಗತ್ಯವೇ ಬೀಳಲಿಲ್ಲ. ಟೋಕನ್ ಚೆಂಡು, ಅದನ್ನು ಸಿಕ್ಕಿಸಿದ ಬೆತ್ತದ ಬಳೆ, ಓಡುವ ಗಾಡಿಯ ಡ್ರೈವರ್ ತೋಳಿಗೆ ಬಳೆ ಎಸೆಯುವುದು, ಎಲ್ಲವನ್ನೂ ಮಾವ ಕೈಯಲ್ಲೇ ಮಾಡಿ ತೋರಿಸಿದರು. ಸುತ್ತ ಜನ ಸೇರಿಬಿಟ್ಟರು. ಒಂದೇ ಹಳಿಯ ಮೇಲೆ ಎದುರುಬದುರು ಎರಡು ಗಾಡಿ ಬರದಂತೆ ಕಾಯುತ್ತಿದ್ದದ್ದು ಆ ಚೆಂಡು ಅನ್ನುವುದು ಮಕ್ಕಳಿಗೂ ತಿಳಿಯಿತು.

ಪಕ್ಕದಲ್ಲೇ ಲೈವ್ ಸ್ಟೀಮರ್ಸ್ ಅನ್ನೋರು ಭಾನುವಾರ ಜನರನ್ನು ಕೂರಿಸಿಕೊಂಡು ಪುಟ್ಟ ರೈಲು ಬಿಡುತ್ತಾರೆ. ಕುದುರೆ ಮೇಲೆ ಕೂತಂತೆ ಎರಡೂ ಕಡೆ ಕಾಲು ಬಿಟ್ಟು ಕೂರಬೇಕು. ಅತ್ತೆಯದು ರೇಷ್ಮೆ ಅಂಚಿನ ಸೀರೆ. ಆಗುವ ಮಾತಲ್ಲ. ಬೆಂಚಿನ ಮೇಲೆ ಕೂತು ನಮಗೆ ಟಾಟಾ ಮಾಡಿದರು, ಮರುದಿನಕ್ಕೆ ಚೂಡಿದಾರ್ ತೆಗೆದಿಟ್ಟರು.

ಸಂಜೆ ದಕ್ಷಿಣಕ್ಕೆ ಇಳಿಯುವಾಗ ಆರ್ಟೀಸಿಯಾದ ಪಯೋನಿಯರ್ ಬುಲೆವಾರ್ಡ್‌ಗೆ ತಿರುಗಿದೆವು. ಸೀರೆ ಅಂಗಡಿ, ಚಿನ್ನದಂಗಡಿ, ಚಾಟ್, ದೋಸೆ, ಎಲ್ಲವೂ ಒಂದೇ ರಸ್ತೆಯಲ್ಲಿ. ಅನಹೈಮ್‌ನಿಂದ ಅರ್ಧ ಗಂಟೆಯೊಳಗಿನ ದಾರಿ. ಪಾರ್ಕಿಗೆ ಹೋಗುವ ನಮ್ಮವರು ಇಲ್ಲಿ ಹೊಟ್ಟೆ ತುಂಬಿಸಿಕೊಂಡು, ನಾಳೆಗೂ ಕಟ್ಟಿಸಿಕೊಂಡು ಹೋಗುವುದು ಜಾಣತನ. ನಾವು ಇಡ್ಲಿ ಕಟ್ಟಿಸಿಕೊಂಡೆವು. ಸಾಂಬಾರ್ ರುಚಿ ನೋಡಿದ ಅತ್ತೆ, ಪುಳಿಯೋಗರೆ ಗೊಜ್ಜು ಬ್ಯಾಗಿನಲ್ಲಿ ಇದೆಯಲ್ಲ ಅಂತ ಮತ್ತೊಮ್ಮೆ ಖಾತ್ರಿ ಮಾಡಿಕೊಂಡರು.

ಸೋಮವಾರ: ಹುಟ್ಟುಹಬ್ಬ

ಹಾರ್ಬರ್ ಬುಲೆವಾರ್ಡ್‌ನಲ್ಲಿ ಉಳಿದುಕೊಂಡರೆ ಪಾರ್ಕಿಗೆ ನಡೆದೇ ಹೋಗಬಹುದು. ಪಾರ್ಕಿಂಗ್ ದುಡ್ಡೂ ಉಳಿಯುತ್ತೆ, ಮಧ್ಯಾಹ್ನ ಬಂದು ಒಂದು ನಿದ್ದೆಯನ್ನೂ ತೆಗೆಯಬಹುದು. ಮೇ ತಿಂಗಳಲ್ಲಿ ಇಲ್ಲಿ ಬೆಳಗ್ಗೆಯೆಲ್ಲ ಸಮುದ್ರದ ಕಡೆಯಿಂದ ಮೋಡ ಕವಿದಿರುತ್ತದೆ. ಮಳೆ ಬರುತ್ತೆ ಅಂತ ಕೊಡೆ ಹಿಡಿಯುವುದು ಬೇಡ, ಹನ್ನೊಂದರ ಮೇಲೆ ಚೆನ್ನಾಗಿ ಬಿಸಿಲು ಬೀಳುತ್ತದೆ.

ಬಾಗಿಲು ತೆರೆಯುವ ಮೊದಲೇ ಹೋಗಿ ಹಗ್ಗದ ಹಿಂದೆ ನಿಲ್ಲುವುದಕ್ಕೆ ನಮ್ಮಲ್ಲಿ ರೋಪ್ ಡ್ರಾಪ್ ಅನ್ನುತ್ತೇವೆ. ಆವತ್ತು ಅದು ತಪ್ಪಿತು. ಸೆಕ್ಯುರಿಟಿಯಲ್ಲಿ ಮಾವನ ಜುಬ್ಬಾ ಜೇಬಿನಿಂದ ಅಡಕೆಕತ್ತರಿ ಹೊರಬಂತು. ಹಿತ್ತಾಳೆಯದು, ಅವರ ತಂದೆಯ ಕಾಲದ್ದು. ಕಾವಲಿನ ಹುಡುಗಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು, ಮೇಲಿನವರನ್ನು ಕರೆದಳು, ಅವರೂ ನೋಡಿದರು. ಏನು ಮಾಡುವ ಸಾಮಾನು ಅಂತ ಮಾವ ಅಭಿನಯಿಸಿ ತೋರಿಸಿದ್ದು ಅಷ್ಟೇನೂ ಸಹಾಯಕ್ಕೆ ಬರಲಿಲ್ಲ. ಬಿಸಾಡುವ ಮಾತೇ ಇಲ್ಲ. ನಾನು ಮೋಟೆಲಿಗೆ ಓಡಿಹೋಗಿ ಇಟ್ಟು ಬಂದೆ.

ಒಳಗೆ ಹೋದ ಕೂಡಲೇ ಸಿಟಿ ಹಾಲ್. ಹುಟ್ಟುಹಬ್ಬ ಅಂದರೆ ಅಲ್ಲಿ ಒಂದು ಬಟನ್ ಬ್ಯಾಡ್ಜ್ ಪುಕ್ಕಟೆ ಕೊಡುತ್ತಾರೆ, ಹೆಸರು ಬರೆದು. ಹೆಸರಿನ ಜಾಗದಲ್ಲಿ "ಎಸ್.ಎಂ. ಬಾಣಾವರ" ಅಂತಲೇ, ಅಂದರೆ ಸ್ಟೇಷನ್ ಮಾಸ್ಟರ್ ಬಾಣಾವರ ಅಂತ, ಬರೆಯಬೇಕೆಂದು ಮಾವ ಪಟ್ಟು ಹಿಡಿದರು. ಅದರ ಪರಿಣಾಮ ಏನಾಯಿತೆಂದರೆ, ಕಸ ಗುಡಿಸುವವರಿಂದ ಹಿಡಿದು ಐಸ್‌ಕ್ರೀಂ ಮಾರುವವರವರೆಗೆ ಇಡೀ ದಿನ ಎಲ್ಲರೂ "ಹ್ಯಾಪಿ ಬರ್ತ್‌ಡೇ, ಬಾಣಾವರ!" ಅಂದರು. ಅರಸೀಕೆರೆ ತಾಲ್ಲೂಕಿನ ಆ ಪುಟ್ಟ ಊರಿನ ಹೆಸರನ್ನು ಅಷ್ಟು ಜನ ಅಷ್ಟು ಜೋರಾಗಿ ಕೂಗಿದ್ದು ಮೊದಲ ಸಲವೇ ಇರಬೇಕು.

ನಮ್ಮವರು ಮೇನ್ ಸ್ಟ್ರೀಟ್ ಸ್ಟೇಷನ್ನಿನಲ್ಲಿ ಕಾಯುತ್ತಿದ್ದರು. ಪಟ್ಟೆಪಟ್ಟೆ ಎಂಜಿನ್ ಡ್ರೈವರ್ ಟೋಪಿ, ಕುತ್ತಿಗೆಗೆ ಕೆಂಪು ಕರವಸ್ತ್ರ. ಮಾವನಿಗೂ ಒಂದು ಟೋಪಿ ತಂದಿದ್ದರು. ದಾವಣಗೆರೆ ಹುಡುಗ ಕಾಲಿಗೆ ಬಿದ್ದ. ಅದನ್ನು ನೋಡಿ ಬಂದರಿನ ಹಿರಿಯರೂ ಬಗ್ಗಲು ಹೋದಾಗ ಮಾವ ಗಾಬರಿಯಿಂದ ಹಿಡಿದು ನಿಲ್ಲಿಸಿದರು.

ಸ್ಟೇಷನ್ ಪಕ್ಕದ ಹಳಿಯ ಮೇಲೆ ಕೈಯಲ್ಲಿ ಒತ್ತಿ ಓಡಿಸುವ ಹಳೇ ಟ್ರಾಲಿ ನಿಂತಿದೆ. ಮಾವ ಮೊದಲು ಗುರುತಿಸಿದ್ದು ಅದನ್ನೇ. ಆಮೇಲೆ ಹಳಿಗಳ ನಡುವಿನ ಅಂತರವನ್ನು ದಿಟ್ಟಿಸಿ ನೋಡಿ, "ನಮ್ ಮೀಟರ್ ಗೇಜ್‌ಗಿಂತ ನಾಲ್ಕು ಬೆರಳು ಕಮ್ಮಿ" ಅಂದರು. ಮೂರು ಅಡಿ, ಅಂದರೆ 914 ಮಿಲಿಮೀಟರ್. ಕಣ್ಣಳತೆ ಹೆಚ್ಚು ಕಡಿಮೆ ಸರಿಯಾಗಿಯೇ ಇತ್ತು.

ಐದು ಎಂಜಿನ್ನುಗಳಿವೆ. ಮೊದಲ ಎರಡನ್ನು ಡಿಸ್ನಿಯವರೇ ಕಟ್ಟಿಸಿದ್ದು, ಉಳಿದ ಮೂರು ಬೇರೆ ಕಡೆ ದುಡಿದು ಬಂದಂಥವು. ಮೂರನೇ ನಂಬರಿನ ಫ್ರೆಡ್ ಗರ್ಲೀ 1894ರಲ್ಲಿ ಬಾಲ್ಡ್ವಿನ್ ಕಾರ್ಖಾನೆಯಲ್ಲಿ ತಯಾರಾದದ್ದು, ಲೂಯಿಸಿಯಾನಾದಲ್ಲಿ ಕಬ್ಬು ಎಳೆಯುತ್ತಿತ್ತು. ಇದನ್ನು ಕೇಳಿದ ಮೇಲೆ ಅತ್ತೆಗೂ ಅದರ ಮೇಲೆ ಪ್ರೀತಿ ಬಂತು. ಅವರ ತವರು ಮಂಡ್ಯದ ಕಡೆ. ಬೆಂಕಿಗೆ ಇಲ್ಲಿ ಕಲ್ಲಿದ್ದಲು ಇಲ್ಲ, ಅಡುಗೆಮನೆಗಳಲ್ಲಿ ಕರಿದು ಉಳಿದ ಎಣ್ಣೆಯಿಂದ ಮಾಡಿದ ಬಯೋಡೀಸೆಲ್. ಮಾವ ಮೂಗೆತ್ತಿ ಗಾಳಿ ಎಳೆದುಕೊಂಡರು. ಉಗಿಯ ವಾಸನೆ ಇದೆ, ಹೊಗೆಯದು ಇಲ್ಲ ಅಂದರು. ಶರ್ಟಿನ ಕಾಲರ್ ಕಪ್ಪಾಗದ ಉಗಿಬಂಡಿಯನ್ನು ಅವರಿಗೆ ನಂಬುವುದಕ್ಕೇ ಆಗಲಿಲ್ಲ.

ಒಂದು ಪೂರ್ತಿ ಸುತ್ತಿಗೆ ಇಪ್ಪತ್ತು ನಿಮಿಷದ ಆಸುಪಾಸು. ಪಾರ್ಕಿನೊಳಗೇ ಇರುವ ನದಿಯ ಹಿಂಬದಿಯ ಹಳಿಯನ್ನು 2017ರಲ್ಲಿ ಹೊಸದಾಗಿ ಹಾಕಿದರು. ಅಲ್ಲಿವರೆಗೂ ಬಲಕ್ಕೆ ಮಾತ್ರ ತಿರುಗುತ್ತಿದ್ದ ಗಾಡಿ ಅಲ್ಲಿ ಮೊದಲ ಸಲ ಎಡಕ್ಕೆ ತಿರುಗಿತು. ಕೊನೆಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಚಿತ್ರಗಳ ಸುರಂಗ, ಆಮೇಲೆ ಕತ್ತಲಲ್ಲಿ ಡೈನೋಸಾರ್. ಡೈನೋಸಾರ್ ಬಂದಾಗ ಮಾವ ಕಣ್ಣುಮುಚ್ಚಿ ಹಳಿ ಜಾಯಿಂಟಿನ ಸದ್ದು ಕೇಳುತ್ತಿದ್ದರು. ಇಳಿದೆವು, ಮತ್ತೆ ಹತ್ತಿದೆವು. ಮತ್ತೆ. ಅತ್ತೆಗೆ ತಾಳ್ಮೆ ಮುಗಿಯಿತು. "ರೀ, ಇಷ್ಟು ದುಡ್ ಕೊಟ್ಟು ಬಂದಿರೋದು ಕೂತು ಸುತ್ತಕ್ಕಾ? ಸರ್ಕುಲರ್ ಬಸ್ಸಲ್ಲೇ ಸುತ್ತಬೋದಿತ್ತು." ಟಿಕೆಟ್ ದರ ದಿನದಿಂದ ದಿನಕ್ಕೆ ಬೇರೆ, ಸೋಮವಾರ ವಾರಾಂತ್ಯಕ್ಕಿಂತ ಕಡಿಮೆ ಅಂತ ನಾನು ಸಮಜಾಯಿಷಿ ಕೊಟ್ಟೆ. ಕೇಳದೆ ಟೀಚರ್ ಕೈಹಿಡಿದು ಇಟ್ಸ್ ಎ ಸ್ಮಾಲ್ ವರ್ಲ್ಡ್ ಕಡೆ ನಡೆದರು. ಅಲ್ಲಿನ ಗೊಂಬೆಗಳನ್ನು ನೋಡಿ ದಸರಾ ಗೊಂಬೆ ಕೂರಿಸುವ ಹೊಸ ಯೋಜನೆಗಳೊಂದಿಗೆ ವಾಪಸ್ ಬಂದರು.

ಮಧ್ಯಾಹ್ನ ಗೇಟಿನಾಚೆಯ ಪಿಕ್‌ನಿಕ್ ಜಾಗದಲ್ಲಿ ಇಡ್ಲಿ, ಪುಳಿಯೋಗರೆ. ಮನೆ ತಿಂಡಿಯನ್ನು ಒಳಗೆ ಒಯ್ಯಲೂ ಬಿಡುತ್ತಾರೆ, ಗಾಜಿನ ಡಬ್ಬಿ ಮಾತ್ರ ಬೇಡ. ಬಂದರಿನ ಹಿರಿಯರು ಪುಳಿಯೋಗರೆಯ ಕಡ್ಲೆಬೀಜವನ್ನೆಲ್ಲ ಆರಿಸಿ ಕೊನೆಗೆ ಉಳಿಸಿಕೊಂಡು ಒಟ್ಟಿಗೆ ತಿಂದರು. ಆಮೇಲೆ ಟಿಕಿ ರೂಮ್ ಪಕ್ಕದ ಡೋಲ್ ವಿಪ್ ಅನ್ನುವ ತಣ್ಣನೆಯ ಅನಾನಸ್ ಸಿಹಿ, ಎಲ್ಲರಿಗೂ ಒಂದೊಂದು.

ನಾನು ಕಾಯುತ್ತಿದ್ದದ್ದು ನ್ಯೂ ಆರ್ಲಿಯನ್ಸ್ ಸ್ಕ್ವೇರ್ ಸ್ಟೇಷನ್ನಿಗೆ. ಅಲ್ಲಿ ಬೆಂಚಿನ ಮೇಲೆ ಕೂತರೆ ಟೆಲಿಗ್ರಾಫ್ ಯಂತ್ರದ ಸದ್ದು ಕೇಳುತ್ತಿರುತ್ತದೆ. ಹೆಚ್ಚಿನವರು ಅದನ್ನು ಗಮನಿಸುವುದೇ ಇಲ್ಲ. ಅದು ಸುಮ್ಮನೆ ಬಡಿದುಕೊಳ್ಳುವ ಸದ್ದಲ್ಲ, 1955ರ ಉದ್ಘಾಟನೆಯ ದಿನ ವಾಲ್ಟ್ ಮಾಡಿದ ಭಾಷಣದ ಸಾಲುಗಳು. ಮಾವನಿಗೆ ನಾನು ಏನೂ ಹೇಳಿರಲಿಲ್ಲ.

ಮೆಟ್ಟಿಲು ಹತ್ತುತ್ತಲೇ ಅವರ ನಡಿಗೆ ನಿಧಾನವಾಯಿತು. ತಲೆ ಒಂದು ಕಡೆ ವಾಲಿತು. "ಕಟ್ಟ-ಕಡ ಹೊಡೀತಾವ್ನೆ ಯಾರೋ" ಅಂದರು. ಬೆಂಚಿನ ಮೇಲೆ ಕೂತು ಪಾರ್ಕಿನ ಮ್ಯಾಪ್ ಹಿಂದುಮುಂದು ತಿರುಗಿಸಿ ಪೆನ್ನು ತೆಗೆದರು. ಟ್ರೇನಿಂಗ್‌ನಲ್ಲಿ ಕಲಿತದ್ದು, ಕೈಬಿಟ್ಟು ಎಷ್ಟೋ ವರ್ಷವಾಗಿತ್ತು. ಮೊದಲ ಸಲ ಬರೀ ಕೇಳಿದರು. ಸಾಲುಗಳು ಮತ್ತೆ ಮೊದಲಿನಿಂದ ಶುರುವಾದಾಗ ಬರೆದರು. ಟಿ. ಆಮೇಲೆ ಎರಡು ಇ. ಎ. ಎರಡು ಟಿ. ಡಬ್ಲ್ಯೂ, ಹೆಚ್. ಮತ್ತೆ ಎರಡು ಇ. ಪೆನ್ನು ನಿಂತಿತು. "ಸಿಗ್ನಲರ್ ಸರಿಯಿಲ್ಲ. ಕೈ ಚೆನ್ನಾಗಿದೆ, ಅಕ್ಷರ ತಪ್ಪು ಹೊಡೀತಾನೆ."

ಟೀಚರ್ ಬಗ್ಗಿ ಕಾಗದ ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಸಿಗ್ನಲರ್ ತಪ್ಪಲ್ಲ. ಅದು ಅಮೆರಿಕದ ರೈಲ್ವೆಯವರು ಬಳಸುತ್ತಿದ್ದ ಹಳೇ ಮೋರ್ಸ್, ಅಂದರೆ ಚುಕ್ಕಿ-ಗೀಟುಗಳ ತಂತಿ ಸಂಕೇತ. ನಮ್ಮಲ್ಲಿ ಬಳಸುತ್ತಿದ್ದದ್ದು ಅಂತಾರಾಷ್ಟ್ರೀಯ ಮೋರ್ಸ್. ಅರ್ಧಕ್ಕಿಂತ ಜಾಸ್ತಿ ಅಕ್ಷರ ಎರಡರಲ್ಲೂ ಒಂದೇ. ಆದರೆ ಅಮೆರಿಕದ್ದರಲ್ಲಿ ಓ ಅಂದರೆ ನಡುವೆ ತುಸು ಬಿಡುವು ಕೊಟ್ಟ ಎರಡು ಚುಕ್ಕಿ, ಎಲ್ ಅಂದರೆ ಒಂದೇ ಉದ್ದ ಗೀಟು. ಮಾವನ ಕಿವಿಗೆ ಆ ಚುಕ್ಕಿಗಳು ಎರಡು ಇ ಅಂತಲೂ ಆ ಗೀಟು ಟಿ ಅಂತಲೂ ಕೇಳಿಸಿದ್ದವು. ಮಾವ ಎರಡು ಇ ಇದ್ದ ಕಡೆ ಹೊಡೆದು ಓ ಬರೆದರು. ಟಿ ಇದ್ದ ಕಡೆ ಎಲ್. "ಟು ಆಲ್ ಹೂ" ಅಂತ ಬಂತು. ಗಾಡಿ ಬಂದು ನಿಂತಿತು, ಹೋಯಿತು. ನಾವು ಹತ್ತಲಿಲ್ಲ. ಇನ್ನೊಂದು ಬಂತು, ಹೋಯಿತು. ಟೀಚರ್ ಒಂದೊಂದೇ ಬೇರೆ ಅಕ್ಷರ ಹೇಳಿಕೊಡುತ್ತಾ ಹೋದರು, ಮಾವ ತೊಡೆಯ ಮೇಲೆ ಬೆರಳು ಬಡಿದು ಅದನ್ನು ಉರುಹೊಡೆದರು. ಅತ್ತೆ ಮೂರು ಮಿಂಟ್ ಜೂಲೆಪ್ ಶರಬತ್ತು ತಂದು, ಒಂದನ್ನು ಗಂಡನ ಕೈಗೆ ತುರುಕಿ ಪಕ್ಕದಲ್ಲೇ ಕೂತರು.

ಮುಂದಿನ ಗಾಡಿಯ ಕಂಡಕ್ಟರ್‌ಗೆ ಯಾರೋ ಸುದ್ದಿ ಮುಟ್ಟಿಸಿದ್ದರು. ನಾವು ಹತ್ತಿದ ಮೇಲೆ ಮೈಕಿನಲ್ಲಿ, ಇವತ್ತು ನಮ್ಮ ಜೊತೆ ಬಾಣಾವರದ ಸ್ಟೇಷನ್ ಮಾಸ್ಟರ್ ಇದ್ದಾರೆ, ಎಪ್ಪತ್ತು ತುಂಬಿತು ಅಂತ ಅನೌನ್ಸ್ ಮಾಡಿದರು. ಬೋಗಿ ತುಂಬ ಚಪ್ಪಾಳೆ. ಮಾವ ಎದ್ದು ನಿಂತು, ಎಡಗೈಯಲ್ಲಿ ಕಂಬ ಹಿಡಿದು, ಬಲಗೈಯಲ್ಲಿ ಹಸಿರು ಬಾವುಟ ಬೀಸುವಂತೆ ಕೆಂಪು ಕರವಸ್ತ್ರ ಬೀಸಿದರು. "ಕೆಂಪು ಬೀಸಿದ್ರೆ ಗಾಡಿ ನಿಲ್ಸ್ತಾರೆ ಕಣ್ರೀ" ಅಂತ ಅತ್ತೆ ಜುಬ್ಬಾ ಹಿಡಿದೆಳೆದು ಕೂರಿಸಿದರು.

ಮ್ಯಾಟರ್‌ಹಾರ್ನ್, ಸ್ಪೇಸ್ ಮೌಂಟನ್ ಅನ್ನುವ ರೋಲರ್ ಕೋಸ್ಟರ್ ಯಾವುದನ್ನೂ ನಾವು ಹತ್ತಲಿಲ್ಲ. ನನಗೇನೂ ಬೇಜಾರಿಲ್ಲ.

ಮಂಗಳವಾರ: ಟೆಹಚಪಿ

ಬಂದ ದಾರಿಯಲ್ಲೇ ವಾಪಸ್ ಹೋಗಬೇಡಿ ಅಂತ ಬಂದರಿನ ಹಿರಿಯರು ಅಪ್ಪಣೆ ಮಾಡಿದ್ದರು. ಅವರ ಮಾತಿನಂತೆ ಮೊಹಾವೆ ಮರುಭೂಮಿ ಕಡೆಯಿಂದ 58ನೇ ಹೆದ್ದಾರಿ ಹಿಡಿದೆವು. ಸುತ್ತುದಾರಿ ನಿಜ, ಆದರೆ ಗುಡ್ಡದ ತುಂಬ ಗಾಳಿಯಂತ್ರಗಳು, ಜೋಶುವಾ ಮರಗಳು, ಕಾರಿನ ಬಾಗಿಲು ತೆಗೆದರೆ ಕಿತ್ತುಕೊಂಡು ಹೋಗುವಂಥ ಗಾಳಿ. ಚಿತ್ರದುರ್ಗದ ಗಾಳಿ ಇದರ ಮುಂದೆ ಏನೂ ಅಲ್ಲ ಅಂದರು ಅತ್ತೆ.

ಕೀನ್ ಅನ್ನುವ ಊರಿನ ಹತ್ತಿರ ಹೆದ್ದಾರಿ ಬಿಟ್ಟು ಕಿರುದಾರಿಗೆ ಇಳಿದರೆ ಟೆಹಚಪಿ ಲೂಪ್. ಬೆಟ್ಟ ಏರಲು ರೈಲು ಹಳಿ ಇಲ್ಲಿ ಒಂದು ಗುಡ್ಡವನ್ನು ಸುತ್ತಿ ಬಂದು ತನ್ನ ಮೇಲೆಯೇ ದಾಟುತ್ತದೆ. 1876ರಲ್ಲಿ ಮುಗಿದ ಕೆಲಸ, ಕಡಿದವರಲ್ಲಿ ಹೆಚ್ಚಿನವರು ಚೀನಾದಿಂದ ಬಂದ ಕೂಲಿಗಳು. ಒಂದು ಸುತ್ತಿಗೆ 77 ಅಡಿ ಮೇಲೇರುತ್ತದೆ. ಗಾಡಿ ನಾಲ್ಕು ಸಾವಿರ ಅಡಿಗಿಂತ ಉದ್ದವಿದ್ದರೆ ಎಂಜಿನ್ ಮೇಲಿನ ಸೇತುವೆಯಲ್ಲಿ, ಬಾಲ ಕೆಳಗಿನ ಸುರಂಗದಲ್ಲಿ. ಏರು ಎಷ್ಟು ಅಂತ ಮಾವ ಕೇಳಿದರು. ನೂರಕ್ಕೆ ಎರಡು ಅಂದೆ. "ಒಂದಕ್ಕೆ ಐವತ್ತು. ನಮ್ ಸಕಲೇಶಪುರ ಘಾಟ್ದೇ" ಅಂದರು ತೃಪ್ತಿಯಿಂದ.

ರಸ್ತೆಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಬೇಕರ್ಸ್‌ಫೀಲ್ಡಿನ ಅಜ್ಜ ಒಬ್ಬರು ಕೂತಿದ್ದರು. ಪಕ್ಕದಲ್ಲಿ ರೈಲ್ವೆಯವರ ಮಾತು ಕೇಳಿಸುವ ಸ್ಕ್ಯಾನರ್ ರೇಡಿಯೋ. ಗಾಡಿ ಯಾವಾಗ ಬರುತ್ತೆ ಅಂದರೆ ಭುಜ ಕುಣಿಸಿದರು. ಟೈಂಟೇಬಲ್ ಇಲ್ಲ, ಕಾಯಬೇಕು. ನೀರು, ಟೋಪಿ, ತಿನ್ನಲು ಏನಾದರೂ ಇಟ್ಟುಕೊಂಡೇ ಬರುವುದು ಒಳ್ಳೆಯದು, ಹತ್ತಿರದಲ್ಲಿ ಅಂಗಡಿಯಿಲ್ಲ. ನಾವು ಕರಗಿದ ಮೊಸರಿಗೆ ಉಳಿದ ಅನ್ನ ಕಲಸಿ ತಿಂದೆವು. ಅಜ್ಜ ಮೊಸರನ್ನದ ಬದಲಿಗೆ ಪೀಚ್ ಹಣ್ಣು ಕೊಟ್ಟರು.

ಮುಕ್ಕಾಲು ಗಂಟೆಯ ಮೇಲೆ ಕೆಳಗಿನ ಕಣಿವೆಯಲ್ಲಿ ಗುಡುಗಿತು. ಬಿಎನ್‌ಎಸ್‌ಎಫ್ ಅನ್ನುವ ರೈಲ್ವೆ ಕಂಪನಿಯ ಕಿತ್ತಳೆ ಬಣ್ಣದ ಎಂಜಿನ್ನುಗಳು, ಹಿಂದೆ ಎರಡಂತಸ್ತು ಕಂಟೇನರ್. ಬಿಎನ್‌ಎಸ್‌ಎಫ್‌ನಲ್ಲಿ ಕೊನೆಯ ಎರಡಕ್ಷರ ಸ್ಯಾಂಟಾ ಫೆ. 1955ರಲ್ಲಿ ಡಿಸ್ನಿಲ್ಯಾಂಡ್ ರೈಲಿನ ಮೇಲೆ ಬರೆದಿದ್ದದ್ದು ಇದೇ ಕಂಪನಿಯ ಹೆಸರು. ಮಾವ ಅದಕ್ಕೆಲ್ಲ ಕಿವಿಗೊಡುವ ಸ್ಥಿತಿಯಲ್ಲಿರಲಿಲ್ಲ. ಎಂಜಿನ್ನು ನಮ್ಮ ಕಣ್ಣೆದುರೇ ಗುಡ್ಡ ಸುತ್ತಿ, ಸೇತುವೆ ಹತ್ತಿ, ತನ್ನದೇ ಬೋಗಿಗಳ ಮೇಲೆ ದಾಟುತ್ತಿತ್ತು. ಹಿಂದೆ ತಳ್ಳುವ ಬ್ಯಾಂಕರ್ ಎಂಜಿನ್ನುಗಳು ಇನ್ನೂ ಸುರಂಗದಿಂದ ಹೊರಗೇ ಬಂದಿರಲಿಲ್ಲ. ಮಾವ ಬೆರಳು ಮಡಚುತ್ತಾ ಎಣಿಸುತ್ತಿದ್ದರು. ಅಜ್ಜನೂ ಎಣಿಸುತ್ತಿದ್ದರು, ತುಟಿ ಮಾತ್ರ ಆಡುತ್ತಿತ್ತು.

ಬಾಲ ಮರೆಯಾದ ಮೇಲೆ ಮಾವ ನೂರಾ ಹನ್ನೊಂದು ಅಂದರು. ಅಜ್ಜ ನೂರಾ ಆರು ಅಂದರು. ಇಬ್ಬರೂ ಬಿಟ್ಟುಕೊಡಲಿಲ್ಲ. ಅಜ್ಜ ಗಾಳಿಯಲ್ಲಿ ಲೆಕ್ಕ ಬರೆದು ತೋರಿಸಿದರು, ಮಾವ ರೈಲ್ವೆಯಲ್ಲಿ ಎಷ್ಟು ವರ್ಷ ಸರ್ವಿಸ್ ಅಂತ ಕನ್ನಡದಲ್ಲೇ ವಾದಿಸಿದರು. ಅತ್ತೆ ಮೊಸರನ್ನದ ಡಬ್ಬಿ ಒರೆಸುತ್ತಾ, "ಎಂಜಿನ್ ಸೇರಿಸಿ ಎಣಿಸಿದ್ರಾ, ಬಿಟ್ಟು ಎಣಿಸಿದ್ರಾ?" ಅಂತ ಕೇಳಿದರು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಗಾಡಿ ನೋಡಿಕೊಂಡೇ ಹೊರಡೋಣ ಅಂದರು.